ಕೀಬೋರ್ಡ್ ತಪ್ಪು ಅಕ್ಷರ ಹೊಡೆಯುತ್ತಿದೆಯಾ? ಮಳೆಯನ್ನು ಬಯ್ಯಬೇಡಿ

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ @ ಬದಲು " ಬರುತ್ತಿದೆ. 3 ಒತ್ತಿದರೆ # ಬದಲು £ ಬರುತ್ತಿದೆ. ಹೋಂಸ್ಟೇ ಬುಕಿಂಗ್‌ಗೆ ಇಮೇಲ್ ವಿಳಾಸ ಬರೆಯಲೂ ಆಗುತ್ತಿಲ್ಲ. ಮಳೆಗಾಲದ ಥಂಡಿಗೆ ಕೀಬೋರ್ಡ್ ಹೋಗಿದೆ, ಹೊಸದು ಹಾಕಬೇಕು ಅಂತ ಅಂಗಡಿಯಲ್ಲಿ ಹೇಳಿದರು. ಹಾಕಿಸಬೇಕಾ? (ಕೊಡಗಿನ ಸೋಮವಾರಪೇಟೆ ಕಡೆಯ ಓದುಗರು)

ಬೇಡ. ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ. ನಿಮ್ಮ ಕೀಬೋರ್ಡಿಗೆ ಏನೂ ಆಗಿಲ್ಲ. ವಿಂಡೋಸ್ ಅದನ್ನು ಬ್ರಿಟನ್ನಿನ ಕೀಬೋರ್ಡ್ ಅಂದುಕೊಂಡಿದೆ, ಅಷ್ಟೇ.

ಮೊದಲು ಕೆಲಸ ಮುಗಿಸಿಬಿಡಿ. ಪರದೆಯ ಕೆಳಗೆ ಬಲಗಡೆ, ಗಡಿಯಾರದ ಪಕ್ಕ ನೋಡಿ. ಇಂಗ್ಲಿಷ್ ಯುಕೆ ಅಂತ ಇದ್ದರೆ ಕಳ್ಳ ಸಿಕ್ಕಿದ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ, ಪಟ್ಟಿಯಲ್ಲಿ ಯುಎಸ್ ಇದ್ದರೆ ಅದನ್ನು ಆರಿಸಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಅದರೊಳಗೆ ಭಾಷೆಯ ಪುಟ. ಇಂಗ್ಲಿಷ್ ಪಕ್ಕದ ಮೂರು ಚುಕ್ಕಿ ಒತ್ತಿ ಆಪ್ಷನ್ಸ್‌ಗೆ ಹೋದರೆ ಕೀಬೋರ್ಡ್‌ಗಳು ಕಾಣುತ್ತವೆ. ಮೊದಲು ಯುಎಸ್ ಸೇರಿಸಿ, ಆಮೇಲೆ ಯುಕೆ ತೆಗೆಯಿರಿ. ಒಂದೇ ಒಂದು ಇರುವಾಗ ಅದನ್ನು ತೆಗೆಯಲು ವಿಂಡೋಸ್ ಬಿಡುವುದಿಲ್ಲ.

ಇನ್ನು ಮಳೆಯ ವಿಷಯ. ಪ್ರತಿ ವರ್ಷ ಜೂನ್ ಬಂತು ಅಂದರೆ ಇದೇ ಪ್ರಶ್ನೆ, ಇದೇ ಥಂಡಿಯ ಕಥೆ. ಬೆಲ್ಟು, ಬೂಟಿಗೆಲ್ಲ ಬೂಷ್ಟು ಹಿಡಿಯುವ ಊರಿನಲ್ಲಿ ಏನು ಕೆಟ್ಟರೂ ಥಂಡಿ ಅನ್ನುವುದು ನಮಗೆ ಅಭ್ಯಾಸ. ಆದರೆ ಸ್ವಲ್ಪ ಯೋಚನೆ ಮಾಡಿ. ಒಳಗೆ ಹೋದ ತೇವ ಸರಿಯಾಗಿ @ ಮತ್ತು " ಎರಡನ್ನೇ ಹುಡುಕಿ, ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಿ, 3ರ ಮೇಲೆ ಪೌಂಡ್ ಚಿಹ್ನೆ ಇಟ್ಟು, ಉಳಿದ ಅಕ್ಷರಗಳನ್ನು ಮುಟ್ಟದೆ ಬಿಡುತ್ತದಾ? ನಮ್ಮ ಮಳೆಗೆ ಅಷ್ಟು ಶಿಸ್ತಿಲ್ಲ.

ಕೀಬೋರ್ಡ್ ಕೆಲಸ ಮಾಡುವುದು ಹೇಗೆ ಅಂತ ಗೊತ್ತಾದರೆ ಈ ಕಥೆ ಅಲ್ಲಿಗೇ ಮುಗಿಯುತ್ತದೆ. ಕೀ ಒತ್ತಿದಾಗ ಕೀಬೋರ್ಡ್ ಅಕ್ಷರ ಕಳಿಸುವುದಿಲ್ಲ. ಒಂದು ನಂಬರ್ ಕಳಿಸುತ್ತದೆ. ಆ ನಂಬರಿಗೆ ಯಾವ ಅಕ್ಷರ ಅಂತ ತೀರ್ಮಾನಿಸುವುದು ವಿಂಡೋಸ್ ಒಳಗಿನ ಲೇಔಟ್. ಕ್ಲಾಸಿನಲ್ಲಿ ರೋಲ್ ನಂಬರ್ ಕೂಗಿದ ಹಾಗೆ ಇದು. ಮೇಷ್ಟ್ರ ಕೈಗೆ ಬೇರೆ ಸೆಕ್ಷನ್ನಿನ ಹಾಜರಿ ಪುಸ್ತಕ ಬಂದರೆ ಅದೇ ನಂಬರಿಗೆ ಬೇರೆ ಹುಡುಗನ ಹೆಸರು ಬರುತ್ತದೆ. ತಪ್ಪು ಹುಡುಗನದ್ದೂ ಅಲ್ಲ, ನಂಬರಿನದ್ದೂ ಅಲ್ಲ. ಕೀ ಮೇಲೆ ಏನು ಅಚ್ಚಾಗಿದೆ ಅನ್ನುವುದು ವಿಂಡೋಸ್‌ಗೆ ಕಾಣುವುದೇ ಇಲ್ಲ.

ನಂಬಿಕೆ ಬರಲಿಲ್ವಾ? ಪಕ್ಕದ ಮನೆಯಿಂದ ಒಂದು ಯುಎಸ್‌ಬಿ ಕೀಬೋರ್ಡ್ ತಂದು ಚುಚ್ಚಿ. ಅದರಲ್ಲೂ 2ರ ಮೇಲೆ " ಬಂದರೆ, ಆ ಕೀಬೋರ್ಡಿಗೂ ನಿಮ್ಮ ಮನೆಗೆ ಬಂದ ಕೂಡಲೇ ಥಂಡಿ ಹಿಡಿಯಿತು ಅನ್ನುತ್ತೀರಾ? ಬೇರೆ ಕೀಬೋರ್ಡ್ ಸಿಗದಿದ್ದರೆ ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೇ ಕೀಬೋರ್ಡ್ ಬರುತ್ತದೆ. ಅದರಲ್ಲಿ ಮೌಸಿನಿಂದ ಶಿಫ್ಟ್ ಒತ್ತಿ 2ರ ಜಾಗ ನೋಡಿ. ಅಲ್ಲಿಯೂ " ಕಂಡರೆ ಮಾತು ಮುಗಿಯಿತು. ಪರದೆಯ ಮೇಲಿನ ಚಿತ್ರಕ್ಕೆ ತೇವ ಆಗುವುದಿಲ್ಲ.

ಭಾಗಮಂಡಲದಲ್ಲಿ ಸುರಿಯುವ ಜಡಿಮಳೆಗೂ ಕುಶಾಲನಗರದಲ್ಲಿ ಬೀಳುವ ಅಷ್ಟಿಷ್ಟು ಮಳೆಗೂ ಎಷ್ಟು ವ್ಯತ್ಯಾಸ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ದೂರು ಮಾತ್ರ ಎರಡೂ ಕಡೆಯಿಂದ ಒಂದೇ. ಕಾಫಿ ಹೂವಿಗೆ ಮಳೆ ಯಾವಾಗ ಬರುತ್ತದೋ ಅಂತ ಎಲ್ಲರೂ ಆಕಾಶ ನೋಡುವ ಮಾರ್ಚ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಆಗ ಥಂಡಿಯ ಬದಲು ವೈರಸ್ ಅನ್ನುತ್ತಾರೆ, ಅಷ್ಟೇ ಬದಲಾವಣೆ.

ಹಾಗಾದರೆ ಮಳೆಗಾಲದಲ್ಲಿ ದೂರು ಜಾಸ್ತಿ ಯಾಕೆ? ನನ್ನ ಗುಮಾನಿ ಮಳೆ ರಜೆಯ ಮೇಲೆ. ಶಾಲೆಗೆ ರಜೆ, ಮಕ್ಕಳು ಮನೆಯಲ್ಲಿ, ಲ್ಯಾಪ್‌ಟಾಪ್ ಮಕ್ಕಳ ಕೈಯಲ್ಲಿ. ವಿಂಡೋಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಭಾಷೆ ಹಾಕಿದ್ದರೆ ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದಾಗ ಭಾಷೆ ಬದಲಾಗುತ್ತದೆ. ಆಟ ಆಡುವಾಗ ಆ ಎರಡು ಕೀ ಒತ್ತದ ಮಗು ಯಾವುದು?

ಅಂಗಡಿಯಲ್ಲಿ ಹೊಸ ಕೀಬೋರ್ಡ್ ಹಾಕಿಸಿದ ಮೇಲೆ ಸರಿಹೋಯಿತಲ್ಲ ಅನ್ನುವವರೂ ಇದ್ದಾರೆ. ಸರಿಹೋಗಿರಬಹುದು. ಜೊತೆಗೆ ವಿಂಡೋಸ್ ಹೊಸದಾಗಿ ಹಾಕಿದರಾ ಅಂತ ಕೇಳಿ ನೋಡಿ. ಹಾಗೆ ಹಾಕುವಾಗ ಲೇಔಟ್ ಹೊಸದಾಗಿ ಆರಿಸಬೇಕು, ಆಗ ಯುಎಸ್ ಬಿದ್ದಿರುತ್ತದೆ. ಕೆಲಸ ಮಾಡಿದ್ದು ಅದು, ಹೆಸರು ಬಂದದ್ದು ಹೊಸ ಕೀಬೋರ್ಡಿಗೆ. ಯುಕೆ ಬರುವುದಕ್ಕೂ ಇದೇ ದಾರಿ. ನಮ್ಮ ಇಂಗ್ಲಿಷ್ ಬ್ರಿಟಿಷರದ್ದು, ಸ್ಪೆಲಿಂಗ್ ಅವರದ್ದು, ಅಂದಮೇಲೆ ಯುಕೆ ಆರಿಸೋಣ ಅಂತ ಯಾರೋ ಒತ್ತಿಬಿಡುತ್ತಾರೆ. ಆದರೆ ಇಲ್ಲಿ ಮಾರುವ ಲ್ಯಾಪ್‌ಟಾಪ್‌ಗಳ ಕೀಬೋರ್ಡ್ ಸಾಮಾನ್ಯವಾಗಿ ಅಮೆರಿಕದ ಮಾದರಿಯದು. 4ರ ಜೊತೆ ₹ ಅಚ್ಚಾಗಿರುತ್ತದೆ, ಅಷ್ಟೇ ವ್ಯತ್ಯಾಸ. (ಆ ₹ ಬರುವುದಿಲ್ಲ ಅಂತ ಬೇರೆ ದೂರು. ಚಿಹ್ನೆ 2010ರಲ್ಲೇ ಬಂದಿದೆ. ಇಂಗ್ಲಿಷ್ ಇಂಡಿಯಾ ಕೀಬೋರ್ಡ್ ಸೇರಿಸಿ, ಬಲಗಡೆಯ ಆಲ್ಟ್ ಹಿಡಿದು 4 ಒತ್ತಿ.)

ಲಂಡನ್ನಿನಲ್ಲಿರುವ ಅಣ್ಣ ಕೊಟ್ಟ ಲ್ಯಾಪ್‌ಟಾಪ್ ಆದರೆ ಲೆಕ್ಕ ಉಲ್ಟಾ. ಅದರಲ್ಲಿ 3ರ ಮೇಲೆ £ ಅಚ್ಚಾಗಿರುತ್ತದೆ, ಎಂಟರ್ ಕೀ ಎರಡು ಸಾಲು ಎತ್ತರ ಇರುತ್ತದೆ. ಅದಕ್ಕೆ ಯುಕೆಯೇ ಸರಿ. ಜರ್ಮನಿಯದಾದರೆ ವೈ ಮತ್ತು ಝಡ್ ಅದಲು ಬದಲು. ಫ್ರಾನ್ಸಿನದಾದರೆ ಎ ಇರಬೇಕಾದಲ್ಲಿ ಕ್ಯೂ. ಇನ್ನು ಯು, ಐ, ಓ ಒತ್ತಿದರೆ 4, 5, 6 ಬರುವ ಹಳೆಯ ಸಣ್ಣ ಲ್ಯಾಪ್‌ಟಾಪ್‌ಗಳಿವೆ. ಅದು ಕೆಲವು ಅಕ್ಷರದ ಕೀಗಳನ್ನು ಅಂಕಿಗಳಾಗಿಸುವ ನಮ್ ಲಾಕ್ (Num Lock). ಎಫ್‌ಎನ್ ಹಿಡಿದು ನಮ್ ಲಾಕ್ ಕೀ ಒತ್ತಿದರೆ ಹೋಗುತ್ತದೆ. ಪಾಸ್‌ವರ್ಡ್ ಸರಿಯಾಗಿ ಹೊಡೆದರೂ ತಪ್ಪು ಅನ್ನುತ್ತಿದ್ದರೆ, ಮರೆತೆ ಅಂತ ಗಾಬರಿ ಆಗುವ ಮೊದಲು ಲಾಗಿನ್ ಪರದೆಯ ಮೂಲೆಯಲ್ಲಿ ಯಾವ ಲೇಔಟ್ ಇದೆ ನೋಡಿ. ಎಷ್ಟೋ ಜನರ ಪಾಸ್‌ವರ್ಡಿನಲ್ಲಿ @ ಇರುತ್ತದೆ, ಅಲ್ವಾ?

ನೀರಿನಿಂದ ಕೀಬೋರ್ಡ್ ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಖಂಡಿತ ಕೆಡುತ್ತದೆ. ಆದರೆ ಅದರ ಲಕ್ಷಣವೇ ಬೇರೆ. ಕೀಗಳ ಕೆಳಗೆ ತೆಳು ಹಾಳೆಗಳ ಮೇಲೆ ಅಡ್ಡ ಉದ್ದ ಗೆರೆಗಳಿರುತ್ತವೆ. ಒಂದು ಕೀ ಒತ್ತಿದರೆ ಎರಡು ಗೆರೆ ಮುಟ್ಟುತ್ತವೆ. ನೀರು ಅಥವಾ ಬೆಲ್ಲದ ಕಾಫಿ ಚೆಲ್ಲಿದರೆ ಮುಟ್ಟಬಾರದ ಗೆರೆಗಳೂ ಸೇರಿಕೊಳ್ಳುತ್ತವೆ. ಆಗ ಒಂದು ಒತ್ತಿದರೆ ಎರಡು ಅಕ್ಷರ ಬರುತ್ತವೆ, ಅಥವಾ ಒಂದೇ ಅಕ್ಷರ ನಿಲ್ಲದೆ ಓಡುತ್ತದೆ, ಅಥವಾ ಕೆಲವು ಕೀಗಳು ಒಟ್ಟಿಗೆ ಸಾಯುತ್ತವೆ. ಚೆಲ್ಲಿದ ಕೂಡಲೇ ಆಫ್ ಮಾಡಿ, ಚಾರ್ಜರ್ ಕಿತ್ತು, ಮಗುಚಿ ಇಟ್ಟು, ಆನ್ ಮಾಡದೆ ರಿಪೇರಿಗೆ ಒಯ್ಯಿರಿ. ದಯವಿಟ್ಟು ಬಟ್ಟೆಯ ಜೊತೆ ಅಗ್ಗಿಷ್ಟಿಕೆ ಮೇಲೆ ಒಣಗಿಸಬೇಡಿ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಬ್ಯಾಟರಿಗೆ ಅಪಾಯ. ಏನೂ ಚೆಲ್ಲದೆ ಕೀಗಳು ಮೇಲೆದ್ದಿದ್ದರೆ, ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜ್ ಮಾಡುವುದನ್ನು ಅವತ್ತೇ ನಿಲ್ಲಿಸಿ.

ಕನ್ನಡದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೋಂಸ್ಟೇ ಬೋರ್ಡು, ಬಿಲ್ಲು ಅಂತ ನಾಳೆ ಕನ್ನಡ ಹೊಡೆಯಲು ಕೂತಾಗ ಇದೇ ರಗಳೆ ಬರುತ್ತದೆ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕಲಿತವರು ಕೆ.ಪಿ. ರಾವ್ ಅವರು ರೂಪಿಸಿದ ಕೀಬೋರ್ಡ್ ವಿನ್ಯಾಸದಲ್ಲಿ ಹೊಡೆಯುತ್ತಾರೆ. ವಿಂಡೋಸ್‌ನಲ್ಲಿ ಕನ್ನಡ ಅಂತ ಸೇರಿಸಿದರೆ ಸಿಗುವುದು ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ವಿನ್ಯಾಸ. ಇಂಗ್ಲಿಷಿನ ಕೆ ಒತ್ತಿದರೆ ಎರಡರಲ್ಲೂ ಕ ಬರುತ್ತದೆ, ಹಾಗಾಗಿ ಮೊದಲಿಗೆ ಅನುಮಾನ ಬರುವುದಿಲ್ಲ. ಆಮೇಲೆ ಎಚ್ ಒತ್ತಿದರೆ ಹ ಬದಲು ಪ. ಎಲ್ ಒತ್ತಿದರೆ ಲ ಬದಲು ತ. ಒತ್ತಕ್ಷರಕ್ಕೆ ನುಡಿಯವರು ಎಫ್ ಒತ್ತುತ್ತಾರೆ, ಇನ್‌ಸ್ಕ್ರಿಪ್ಟ್‌ನಲ್ಲಿ ಅದು ಡಿ. ಇನ್‌ಸ್ಕ್ರಿಪ್ಟ್ ಕೆಟ್ಟದ್ದೇನಲ್ಲ. ಕ ಎಲ್ಲಿದೆಯೋ ಹಿಂದಿಯಲ್ಲೂ ಮಲಯಾಳದಲ್ಲೂ ಅಲ್ಲೇ ಇರುತ್ತದೆ. ಆದರೆ ಬೆರಳಿಗೆ ನುಡಿ ಕೂತಿದ್ದರೆ ನುಡಿ ತಂತ್ರಾಂಶವನ್ನೇ ಹಾಕಿಕೊಳ್ಳಿ.

ಯಾರೋ ಕಳಿಸಿದ ಕನ್ನಡ ಫೈಲು ತೆರೆದಾಗ ಟೋಪಿ, ಚುಕ್ಕಿ ಹಾಕಿದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುವುದು ಇನ್ನೊಂದು ಗೋಳು. ಅದಕ್ಕೂ ಕೀಬೋರ್ಡಿಗೂ ಸಂಬಂಧವೇ ಇಲ್ಲ. ಹಳೆಯ ನುಡಿ ಮತ್ತು ಬರಹ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟು ನಿಮ್ಮಲ್ಲಿಲ್ಲದಿದ್ದರೆ ಕೆಳಗಿರುವುದು ಹಾಗೇ ಕಾಣುತ್ತದೆ. ಫಾಂಟು ಹಾಕಿಕೊಂಡರೆ ಓದಬಹುದು. ಉಳಿಸಿಕೊಳ್ಳಬೇಕಾದ ಫೈಲಾದರೆ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ, ಕನ್ನಡಕ್ಕೆ ತನ್ನದೇ ಜಾಗ ಇರುವ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ.