ನೈಟ್ರಿಲ್ ಕ್ಲೋರೈಡ್: ಕಡಲುಪ್ಪು ಮತ್ತು ಊರ ಹೊಗೆ ಕೂಡಿದಾಗ

ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆಗೆದು ನೋಡಿ. ಹರಳುಗಳು ನೀರೊಡೆದು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿತೆಂದರೆ ಉಪ್ಪು ತಾನಾಗಿಯೇ ನೀರೆಳೆದುಕೊಂಡು ಕರಗುತ್ತದೆ. ಕಡಲ ಗಾಳಿಯಲ್ಲಿರುವ ಉಪ್ಪೂ ಹೀಗೆಯೇ ಬಹುಪಾಲು ಒದ್ದೆ. ಅಲೆಯ ನೊರೆಗುಳ್ಳೆಗಳು ಸಿಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಉಪ್ಪುಹನಿಗಳು ಗಾಳಿಗೇರುತ್ತವೆ. ನೈಟ್ರಿಲ್ ಕ್ಲೋರೈಡ್ ಎಂಬ ಅನಿಲ ಹುಟ್ಟುವುದು ಈ ಹನಿಗಳಲ್ಲಿ, ಅದೂ ರಾತ್ರಿ ಹೊತ್ತು.

ಅದರ ಅಣುವಿನಲ್ಲಿ ಒಂದು ಕ್ಲೋರಿನ್, ಒಂದು ನೈಟ್ರೋಜನ್, ಎರಡು ಆಕ್ಸಿಜನ್ ಪರಮಾಣುಗಳಿವೆ. ಕ್ಲೋರಿನ್ ಕಡಲಿನದು, ಉಳಿದದ್ದು ಹೊಗೆಯದು. ವಾಹನ, ಹಡಗು, ಕಾರ್ಖಾನೆಗಳ ನೈಟ್ರೋಜನ್ ಡೈಆಕ್ಸೈಡ್ ಓಝೋನಿನೊಡನೆ ವರ್ತಿಸಿ, ಬಲು ಬೇಗ ಬೇರೆಯದರೊಡನೆ ಕೂಡಿಕೊಳ್ಳುವ ನೈಟ್ರೇಟ್ ರ‍್ಯಾಡಿಕಲ್ ಆಗುತ್ತದೆ. ಹಗಲಲ್ಲಾದರೆ ಬಿಸಿಲು ಅದನ್ನು ಕೆಲವೇ ಸೆಕೆಂಡುಗಳಲ್ಲಿ ಒಡೆದುಬಿಡುತ್ತದೆ. ಕತ್ತಲಾದ ಮೇಲೆ ಒಡೆಯುವವರಿಲ್ಲ. ಅದು ಇನ್ನೊಂದು ನೈಟ್ರೋಜನ್ ಡೈಆಕ್ಸೈಡ್ ಅಣುವಿನ ಜೊತೆ ಕೂಡಿ ಡೈನೈಟ್ರೋಜನ್ ಪೆಂಟಾಕ್ಸೈಡ್ ಆಗುತ್ತದೆ. ಇದು ಉಪ್ಪುಹನಿಗೆ ತಾಗಿದಾಗ ನೈಟ್ರೇಟ್ ಹನಿಯೊಳಗೇ ಉಳಿಯುತ್ತದೆ, ಕ್ಲೋರಿನ್ ಮಾತ್ರ ನೈಟ್ರಿಲ್ ಕ್ಲೋರೈಡ್ ಆಗಿ ಹೊರಬೀಳುತ್ತದೆ. (ನೈಟ್ರಿಕ್ ಆಮ್ಲವೂ ಉಪ್ಪಿನಿಂದ ಕ್ಲೋರಿನ್ ಕಿತ್ತು ತೆಗೆಯುತ್ತದೆ. ಆದರೆ ಅಲ್ಲಿ ಬರುವುದು ಹೈಡ್ರೋಜನ್ ಕ್ಲೋರೈಡ್. ಅದು ಬಿಸಿಲಿಗೆ ಅಷ್ಟು ಸುಲಭವಾಗಿ ಒಡೆಯುವುದಿಲ್ಲ.)

ರಾತ್ರಿಯಿಡೀ ಕೂಡಿಟ್ಟ ನೈಟ್ರಿಲ್ ಕ್ಲೋರೈಡ್ ಬೆಳಗಿನ ಬಿಸಿಲು ಬಿದ್ದೊಡನೆ ಒಡೆಯತೊಡಗುತ್ತದೆ. ಆಗ ಎರಡು ಕೇಡು ಒಟ್ಟಿಗೆ. ಬಿಡಿ ಕ್ಲೋರಿನ್ ಪರಮಾಣುಗಳು ಪೆಟ್ರೋಲು, ದ್ರಾವಕಗಳಿಂದ ಬಂದ ಆವಿಗಳ ಮೇಲೆರಗಿ ಓಝೋನ್ ತಯಾರಿಗೆ ದಾರಿ ಮಾಡುತ್ತವೆ. ಜೊತೆಗೆ, ಬಿಸಿಲಿನಲ್ಲಿ ಓಝೋನಿಗೆ ಮೂಲವಾಗುವ ನೈಟ್ರೋಜನ್ ಡೈಆಕ್ಸೈಡ್ ಗಾಳಿಗೆ ಮರಳುತ್ತದೆ. ನನಗೆ ಹೆಚ್ಚು ಕಳವಳ ತರುವುದು ಈ ಎರಡನೆಯದು. ರಾತ್ರಿಯಲ್ಲಿ ನೈಟ್ರೇಟಾಗಿ ಗಾಳಿಯಿಂದ ತೊಲಗಬೇಕಿದ್ದ ಮಾಲಿನ್ಯದಲ್ಲಿ ಒಂದು ಪಾಲು ಬೆಳಗಾದರೆ ಮತ್ತೆ ಎದುರಿಗೆ ನಿಂತಿರುತ್ತದೆ. ಉಸಿರಾಟದ ತೊಂದರೆ ಇರುವವರಿಗೆ ನೆಲಮಟ್ಟದ ಓಝೋನ್ ಎಂಥ ಹಿಂಸೆ ಎಂಬುದು ಅವರ ಮನೆಯವರಿಗೆ ಗೊತ್ತು.

ಪ್ರಯೋಗಾಲಯದಲ್ಲಿ ಈ ಕ್ರಿಯೆ 1989ರಲ್ಲೇ ವರದಿಯಾಗಿತ್ತು. ಬಯಲ ಗಾಳಿಯಲ್ಲಿ ಅದನ್ನು ಹಿಡಿಯಲು 2006ರವರೆಗೆ ಕಾಯಬೇಕಾಯಿತು. ಅಮೆರಿಕದ ಟೆಕ್ಸಸ್ ಕರಾವಳಿಯಲ್ಲಿ, ಹ್ಯೂಸ್ಟನ್ ಸುತ್ತಮುತ್ತ, ಸಂಶೋಧನಾ ಹಡಗಿನಿಂದ ಅಳೆದಾಗ ರಾತ್ರಿಯ ಪ್ರಮಾಣ ಶತಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಹೆಚ್ಚಿತ್ತು. ಎಣ್ಣೆ ಶುದ್ಧೀಕರಣದ ಹೊಗೆ, ಹಡಗುಗಳ ಹೊಗೆ, ಮೆಕ್ಸಿಕೋ ಕೊಲ್ಲಿಯ ಉಪ್ಪುಗಾಳಿ, ಎಲ್ಲವೂ ಬೆರೆಯುವ ಜಾಗವದು. ಆಮೇಲೆ ಕೊಲರಾಡೋದ ಬೌಲ್ಡರ್‌ನಲ್ಲೂ ಅದು ಸಿಕ್ಕಿತು. ಅಲ್ಲಿಂದ ಹತ್ತಿರದ ಕರಾವಳಿಗೆ 1,400 ಕಿ.ಮೀ. ಕಲ್ಲಿದ್ದಲು ಉರಿದಾಗಲೂ ಗಾಳಿಗೆ ಕ್ಲೋರಿನ್ ಸೇರುತ್ತದೆ, ಹಾಗಾಗಿ ಈ ಅನಿಲ ಹುಟ್ಟಲು ಕಡಲು ಹತ್ತಿರ ಇರಲೇಬೇಕೆಂದಿಲ್ಲ.