ಫೆಂಟನಿಲ್ ಬೆನ್ನು ಹತ್ತಿದ ಕಪ್ಪುಪಟ್ಟಿ

ಕೊಲಂಬಿಯಾದ ಕಾಲಿ ನಗರದಲ್ಲಿ ‘ಅಮೆರಿಕಾ ದೆ ಕಾಲಿ’ ಎಂಬ ಹೆಸರಾಂತ ಫುಟ್ಬಾಲ್ ಕ್ಲಬ್ ಇದೆ. 1999ರಿಂದ 2013ರವರೆಗೆ ಈ ಕ್ಲಬ್ ಜೊತೆ ವ್ಯವಹಾರ ಮಾಡಲು ಬ್ಯಾಂಕುಗಳು ಹಿಂಜರಿದವು. ದೊಡ್ಡ ಪ್ರಾಯೋಜಕರು ಹತ್ತಿರ ಸುಳಿಯಲಿಲ್ಲ. 2011ರ ಕೊನೆಗೆ ಕ್ಲಬ್ ಎರಡನೇ ದರ್ಜೆಗೆ ಕುಸಿಯಿತು. ಮೈದಾನದಲ್ಲಿ ಆಡಿದ ಹುಡುಗರು ಯಾವ ತಪ್ಪೂ ಮಾಡಿರಲಿಲ್ಲ. ಕ್ಲಬ್ಬಿನ ಹೆಸರು ವಾಷಿಂಗ್ಟನ್‌ನ ಒಂದು ಪಟ್ಟಿಯಲ್ಲಿತ್ತು, ಅಷ್ಟೇ.

ಆ ಪಟ್ಟಿಯನ್ನು ಕೊಲಂಬಿಯಾದ ಜನ ‘ಕ್ಲಿಂಟನ್ ಪಟ್ಟಿ’ ಎಂದು ಕರೆಯುತ್ತಿದ್ದರು. ಇವತ್ತು ಫೆಂಟನಿಲ್ ಎಂಬ ಕೃತಕ ಒಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ಮದ್ದು) ವಿರುದ್ಧ ಅಮೆರಿಕ ಬಳಸುತ್ತಿರುವುದು ಅದೇ ಹತಾರ. ಆದರೆ ಎದುರಿಗಿರುವ ವ್ಯಾಪಾರ ಪೂರ್ತಿ ಬದಲಾಗಿದೆ. ದಿಗ್ಬಂಧನ, ಸುಂಕ, ಬ್ಯಾಂಕುಗಳ ಮೇಲಿನ ಆದೇಶ, ರಾಜತಾಂತ್ರಿಕ ಚೌಕಾಸಿ ಎಲ್ಲವೂ ಸೇರಿ ಈಗ ಸುದ್ದಿ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ. ಅದಕ್ಕೇ ಒಮ್ಮೆ ಹಿಂದಕ್ಕೆ ಹೋಗಿ ನೋಡಬೇಕು.

1977ರಲ್ಲಿ ಅಮೆರಿಕದ ಸಂಸತ್ತು ಅಂತರರಾಷ್ಟ್ರೀಯ ತುರ್ತು ಆರ್ಥಿಕ ಅಧಿಕಾರ ಕಾಯ್ದೆ ಎಂಬ ಕಾನೂನು ಮಾಡಿತು. ಹೊರದೇಶದಿಂದ ಅಸಾಮಾನ್ಯ ಅಪಾಯ ಬಂದಿದೆ ಎಂದು ಅಧ್ಯಕ್ಷರು ಘೋಷಿಸಿದರೆ, ಸಂಬಂಧಪಟ್ಟವರ ಆಸ್ತಿ ಮುಟ್ಟುಗೋಲು ಹಾಕಬಹುದು, ಅವರ ಜೊತೆಗಿನ ವ್ಯವಹಾರವನ್ನೇ ನಿಲ್ಲಿಸಬಹುದು. ಮೊದಲು ಇದನ್ನು ದೇಶಗಳ ವಿರುದ್ಧ ಬಳಸಿದರು. 1995ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಅದನ್ನು ಕೊಕೇನ್ ಸಾಗಿಸುತ್ತಿದ್ದ ಕಾಲಿ ಕಾರ್ಟೆಲ್ ಎಂಬ ಮಾದಕ ದಂಧೆಯ ಗುಂಪಿನ ಕಡೆಗೆ ತಿರುಗಿಸಿದರು. 1999ರಲ್ಲಿ ‘ಕಿಂಗ್‌ಪಿನ್ ಕಾಯ್ದೆ’ ಬಂತು. ಇದರಿಂದ ಜಗತ್ತಿನ ಯಾವ ಮೂಲೆಯ ಮಾದಕ ದೊರೆಯನ್ನಾದರೂ ಪಟ್ಟಿಗೆ ಸೇರಿಸುವ ದಾರಿ ತೆರೆಯಿತು.

ಪಟ್ಟಿ ಹೇಗೆ ಕೆಲಸ ಮಾಡುತ್ತದೆ? ಅಮೆರಿಕದ ಹಣಕಾಸು ಇಲಾಖೆಯಲ್ಲಿ ಒಫ್ಯಾಕ್ ಎಂಬ ಕಚೇರಿ ಇದೆ. ಅದರ ಪಟ್ಟಿಗೆ ಒಬ್ಬರ ಹೆಸರು ಸೇರಿದರೆ ಅಮೆರಿಕದೊಳಗಿನ ಅವರ ಆಸ್ತಿ ಸ್ಥಗಿತವಾಗುತ್ತದೆ. ಯಾವ ಅಮೆರಿಕನ್ನರೂ ಅವರ ಜೊತೆ ವ್ಯವಹರಿಸುವಂತಿಲ್ಲ. ಪಟ್ಟಿಯಲ್ಲಿರುವವರಿಗೆ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವ ಕಂಪನಿಗೂ ಇದೇ ಗತಿ, ಕಂಪನಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ. ಇಷ್ಟೇ ಆಗಿದ್ದರೆ ಏಟು ಅಮೆರಿಕದ ಗಡಿಯಲ್ಲೇ ನಿಲ್ಲುತ್ತಿತ್ತು. ಆದರೆ ಜಗತ್ತಿನ ವ್ಯಾಪಾರದ ದೊಡ್ಡ ಪಾಲು ಡಾಲರಿನಲ್ಲಿ ನಡೆಯುತ್ತದೆ. ಡಾಲರ್ ಕೈತಪ್ಪಿ ಹೋದೀತು ಎಂಬ ಭಯ ಬೇರೆ ದೇಶಗಳ ಬ್ಯಾಂಕುಗಳಿಗೂ ಇದೆ. ಹಾಗಾಗಿ ಯಾರೂ ಕೇಳದಿದ್ದರೂ ಅವು ಆ ಹೆಸರಿನ ಖಾತೆ ಮುಚ್ಚಿಬಿಡುತ್ತವೆ. ಪಟ್ಟಿಯ ನಿಜವಾದ ಬಲ ಇರುವುದೇ ಈ ಭಯದಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಲಿ ಕಾರ್ಟೆಲ್ ವಿಷಯದಲ್ಲಿ ಈ ಏಟು ಸರಿಯಾಗಿ ಬಿತ್ತು. ಯಾಕೆಂದರೆ ಕಾರ್ಟೆಲ್ ನಡೆಸುತ್ತಿದ್ದ ಕುಟುಂಬದ ಬಳಿ ಕಳೆದುಕೊಳ್ಳಲು ಬೇಕಾದಷ್ಟಿತ್ತು. ‘ಡ್ರೋಗಾಸ್ ಲಾ ರೆಬಾಹಾ’ ಎಂಬ ದೊಡ್ಡ ಔಷಧಿ ಅಂಗಡಿಗಳ ಸರಪಳಿ, ಭೂಮಿ, ಹೂಡಿಕೆ, ಮಕ್ಕಳ ಹೆಸರಿನ ಕಂಪನಿಗಳು, ಆ ಫುಟ್ಬಾಲ್ ಕ್ಲಬ್ಬಿನ ಜೊತೆಗಿನ ನಂಟು ಎಲ್ಲವೂ ಊರಿಗೆಲ್ಲ ಕಾಣುವಂತಿದ್ದವು. ಪಟ್ಟಿಗೆ ಸೇರಿದವರ ಸ್ಥಿತಿಯನ್ನು ಕೊಲಂಬಿಯಾದಲ್ಲಿ ‘ನಾಗರಿಕ ಸಾವು’ ಎಂದು ಕರೆದರು. ಬದುಕಿದ್ದಾರೆ, ಆದರೆ ಖಾತೆ ಇಲ್ಲ, ಸಾಲ ಇಲ್ಲ, ಕೆಲಸ ಕೊಡುವವರಿಲ್ಲ. 2006ರಲ್ಲಿ ಕಾರ್ಟೆಲ್‌ನ ಇಬ್ಬರು ಮುಖ್ಯಸ್ಥ ಸಹೋದರರು ಮಯಾಮಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಆ ಒಪ್ಪಂದದಲ್ಲಿ ಕುಟುಂಬದವರ ಹೆಸರುಗಳನ್ನು ಪಟ್ಟಿಯಿಂದ ತೆಗೆಯುವ ದಾರಿಯೂ ಸೇರಿತ್ತು. 2014ರಲ್ಲಿ ಈ ಜಾಲಕ್ಕೆ ಸೇರಿದ 300ಕ್ಕೂ ಹೆಚ್ಚು ಹೆಸರುಗಳನ್ನು ಒಂದೇ ಸಲಕ್ಕೆ ತೆಗೆದುಹಾಕಿದರು.

ಈಗ ಫೆಂಟನಿಲ್‌ಗೆ ಬರೋಣ. ಬೆಲ್ಜಿಯಂನ ಪೌಲ್ ಯಾನ್ಸೆನ್ ಅವರ ಪ್ರಯೋಗಾಲಯದಲ್ಲಿ 1960ರ ಹೊತ್ತಿಗೆ ಹುಟ್ಟಿದ ಔಷಧಿ ಇದು. ಇವತ್ತಿಗೂ ಶಸ್ತ್ರಚಿಕಿತ್ಸೆಯಲ್ಲಿ, ಕ್ಯಾನ್ಸರ್ ನೋವಿನಲ್ಲಿ ಇದರ ಉಪಕಾರ ದೊಡ್ಡದು. ಮಾರ್ಫಿನ್‌ಗಿಂತ ಸುಮಾರು 100 ಪಟ್ಟು, ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಪ್ರಬಲ. ಎರಡು ಮಿಲಿಗ್ರಾಂ, ಅಂದರೆ ಕೆಲವೇ ಉಪ್ಪಿನ ಹರಳುಗಳಷ್ಟು, ಒಬ್ಬ ಮನುಷ್ಯನ ಉಸಿರು ನಿಲ್ಲಿಸಬಹುದು. ಹಾಗೆ ಲೆಕ್ಕ ಹಾಕಿದರೆ ಒಂದು ಕಿಲೋದಲ್ಲಿ ಐದು ಲಕ್ಷ ಮಾರಕ ಡೋಸ್ ಇದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ವೈದ್ಯರ ಚೀಟಿಯ ಮೇಲೆ ಸಿಗುತ್ತಿದ್ದ ನೋವಿನ ಮಾತ್ರೆಗಳಿಂದ ಚಟ ಶುರುವಾಯಿತು, 2010ರ ಸುಮಾರಿಗೆ ಅದು ಹೆರಾಯಿನ್‌ಗೆ ಹೊರಳಿತು, 2013ರಿಂದ ಫೆಂಟನಿಲ್ ಎಲ್ಲವನ್ನೂ ನುಂಗಿತು. 2021ರಿಂದ 2023ರವರೆಗೆ ಪ್ರತಿ ವರ್ಷ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತವರು ಒಂದು ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಮೂರನೇ ಎರಡು ಭಾಗಕ್ಕೆ ಕೃತಕ ಒಪಿಯಾಯ್ಡ್‌ಗಳೇ ಕಾರಣ. ಸತ್ತವರಲ್ಲಿ ಎಷ್ಟೋ ಮಂದಿಗೆ ತಾವು ನುಂಗಿದ ಮಾತ್ರೆಯಲ್ಲಿ ಫೆಂಟನಿಲ್ ಇದೆ ಎಂಬುದೇ ಗೊತ್ತಿರಲಿಲ್ಲ.

ಕೊಕೇನ್‌ಗೆ ಕೋಕಾ ಎಲೆ ಬೇಕು, ಹೆರಾಯಿನ್‌ಗೆ ಗಸಗಸೆ ಗಿಡ ಬೇಕು. ಹೊಲ, ಮಳೆ, ಕೂಲಿ, ಕೊಯ್ಲು ಎಲ್ಲವೂ ಬೇಕು. ಫೆಂಟನಿಲ್‌ಗೆ ಇದ್ಯಾವುದೂ ಬೇಡ. ರಾಸಾಯನಿಕಗಳು, ಒಂದು ಕೋಣೆ, ಸ್ವಲ್ಪ ತಿಳಿದ ಒಬ್ಬ ಅಡುಗೆಯವ ಇದ್ದರೆ ಸಾಕು. (ಮೆಕ್ಸಿಕೋದಲ್ಲಿ ಇದನ್ನು ತಯಾರಿಸುವವರನ್ನು ಅಡುಗೆಯವರು ಎಂದೇ ಕರೆಯುತ್ತಾರೆ.) ಮೆಕ್ಸಿಕೋದ ಗೆರೆರೋ ಬೆಟ್ಟಗಳಲ್ಲಿ ಗಸಗಸೆ ಬೆಳೆಯುತ್ತಿದ್ದ ಬಡ ರೈತರು 2017–18ರ ಹೊತ್ತಿಗೆ ಇದ್ದಕ್ಕಿದ್ದಂತೆ ಬೀದಿಗೆ ಬಿದ್ದರು. ಅವರ ಅಫೀಮನ್ನು ಕೇಳುವವರೇ ಇರಲಿಲ್ಲ.

ಮೊದಲ ಹಂತದಲ್ಲಿ, ಪೂರ್ತಿ ತಯಾರಾದ ಫೆಂಟನಿಲ್ ಚೀನಾದಿಂದ ಅಂಚೆಯಲ್ಲಿ ನೇರವಾಗಿ ಬರುತ್ತಿತ್ತು. ಇಂಟರ್ನೆಟ್‌ನಲ್ಲಿ ಆರ್ಡರ್, ಸಣ್ಣ ಪೊಟ್ಟಣ, ಮನೆ ಬಾಗಿಲಿಗೆ. 2018ರಲ್ಲಿ ಒಫ್ಯಾಕ್ ಚೀನಾದ ಒಬ್ಬ ಪೂರೈಕೆದಾರನನ್ನು ಕಿಂಗ್‌ಪಿನ್ ಪಟ್ಟಿಗೆ ಸೇರಿಸಿತು. ಫೆಂಟನಿಲ್ ವಿಷಯದಲ್ಲಿ ಅದೇ ಮೊದಲು. 2019ರಲ್ಲಿ ಇನ್ನೂ ಕೆಲವರು ಸೇರಿದರು. ಆದರೆ ದೊಡ್ಡ ಬದಲಾವಣೆ ತಂದದ್ದು ಪಟ್ಟಿಯಲ್ಲ. 2019ರ ಮೇ 1ರಿಂದ ಚೀನಾ ಇಡೀ ಫೆಂಟನಿಲ್ ಕುಟುಂಬವನ್ನೇ ಒಂದು ವರ್ಗವಾಗಿ ನಿಯಂತ್ರಣಕ್ಕೆ ತಂದಿತು. ಅಲ್ಲಿಯವರೆಗೆ ಒಂದು ಅಣುವನ್ನು ನಿಷೇಧಿಸಿದರೆ ತಯಾರಕರು ಸ್ವಲ್ಪ ತಿದ್ದಿ ಇನ್ನೊಂದು ಅಣು ತರುತ್ತಿದ್ದರು. ಆ ಆಟ ನಿಂತಿತು. ಚೀನಾದಿಂದ ನೇರವಾಗಿ ಬರುತ್ತಿದ್ದ ಪೊಟ್ಟಣಗಳು ಹೆಚ್ಚುಕಡಿಮೆ ಇಲ್ಲವಾದವು.

ಆದರೆ ಸಾವು ನಿಲ್ಲಲಿಲ್ಲ, ಇನ್ನೂ ಏರಿತು. ತಯಾರಾದ ಮಾಲಿನ ಬದಲು ಅದನ್ನು ತಯಾರಿಸುವ ರಾಸಾಯನಿಕಗಳು ಚೀನಾದಿಂದ ಹೊರಟವು. ಮನ್ಸನಿಯೋ, ಲಾಸರೋ ಕಾರ್ದೆನಾಸ್‌ನಂಥ ಮೆಕ್ಸಿಕೋದ ಬಂದರುಗಳಲ್ಲಿ ಇಳಿದು ಸಿನಲೋವಾ ಮತ್ತು ಹಲಿಸ್ಕೋ ಕಾರ್ಟೆಲ್‌ಗಳ ಅಡುಗೆಕೋಣೆ ಸೇರಿದವು. 2017ರಲ್ಲಿ ವಿಶ್ವಸಂಸ್ಥೆ ಎರಡು ಮುಖ್ಯ ರಾಸಾಯನಿಕಗಳನ್ನು ನಿಯಂತ್ರಣಕ್ಕೆ ತಂದಿತ್ತು. ತಯಾರಕರು ಅದಕ್ಕಿಂತ ಒಂದು ಹೆಜ್ಜೆ ಹಿಂದಿನ ರಾಸಾಯನಿಕಕ್ಕೆ ಹೋದರು. 2022ರಲ್ಲಿ ಇನ್ನೂ ಮೂರು ನಿಯಂತ್ರಣಕ್ಕೆ ಬಂದಾಗ ಮತ್ತೊಂದು ಹೆಜ್ಜೆ ಹಿಂದೆ ಸರಿದರು. ಹೀಗೆ ಹಿಂದೆ ಹಿಂದೆ ಹೋದಷ್ಟೂ ಸಿಗುವುದು ಔಷಧಿ ಕಾರ್ಖಾನೆಗಳಲ್ಲಿ ದಿನನಿತ್ಯ ಬಳಸುವ ಸಾಮಾನ್ಯ ಪದಾರ್ಥಗಳು. ಅವುಗಳನ್ನು ಮಾರುವುದು ತಪ್ಪಲ್ಲ. ಯಾರಿಗೆ, ಯಾಕೆ ಮಾರುತ್ತಿದ್ದೇನೆ ಎಂದು ಗೊತ್ತಿದ್ದೂ ಮಾರಿದರೆ ಮಾತ್ರ ತಪ್ಪು. ಆ ‘ಗೊತ್ತಿದ್ದೂ’ ಎಂಬುದನ್ನು ಸಾಬೀತು ಮಾಡುವುದು ಎಷ್ಟು ಕಷ್ಟ ಅಲ್ವಾ?

2021ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಬೈಡನ್ ಹೊರಡಿಸಿದ 14059ನೇ ಆದೇಶವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಲ್ಲಿಯವರೆಗೆ ಒಬ್ಬರನ್ನು ಪಟ್ಟಿಗೆ ಸೇರಿಸಲು ಯಾವುದೋ ಒಬ್ಬ ಮಾದಕ ದೊರೆಗೆ ಗಂಟು ಹಾಕಿ ತೋರಿಸಬೇಕಿತ್ತು. ಹೊಸ ವ್ಯಾಪಾರದ ಎಷ್ಟೋ ಕೊಂಡಿಗಳಲ್ಲಿ ಅಂಥ ದೊರೆಗಳೇ ಇರಲಿಲ್ಲ. ಒಬ್ಬ ರಾಸಾಯನಿಕ ಮಾರುತ್ತಾನೆ, ಇನ್ನೊಬ್ಬ ಸಾಗಿಸುತ್ತಾನೆ, ಮತ್ತೊಬ್ಬ ಹಣ ತಿರುಗಿಸುತ್ತಾನೆ, ಒಬ್ಬರಿಗೊಬ್ಬರು ಮುಖ ನೋಡಿರುವುದಿಲ್ಲ. ಹೊಸ ಆದೇಶದಿಂದ ಸರಪಳಿಯ ಯಾವ ಕೊಂಡಿಯನ್ನಾದರೂ ನೇರವಾಗಿ ಹಿಡಿಯಬಹುದಾಯಿತು. 2023ರ ಮೇ ತಿಂಗಳಲ್ಲಿ ನಕಲಿ ಮಾತ್ರೆ ಒತ್ತುವ ಯಂತ್ರ ಮಾರುವವರು ಸೇರಿ 17 ಹೆಸರು ಪಟ್ಟಿಗೆ ಬಂದವು. ಅದೇ ಅಕ್ಟೋಬರ್‌ನಲ್ಲಿ 28.

ಇಲ್ಲೇ ಕಾಲಿ ದಿನಗಳಿಗೂ ಇವತ್ತಿಗೂ ಇರುವ ವ್ಯತ್ಯಾಸ ಕಾಣುತ್ತದೆ. ಆಗ ಪಟ್ಟಿಗೆ ಸಿಕ್ಕಿದ್ದು ಅಂಗಡಿಗಳು, ಕ್ಲಬ್ಬು, ಕಟ್ಟಡ. ಈಗ ಸಿಗುವುದು ಎಷ್ಟೋ ಸಲ ಬರೀ ಒಂದು ಹೆಸರು. ಹಾಂಗ್‌ಕಾಂಗ್‌ನಲ್ಲಿ ನೋಂದಾಯಿಸಿದ ಕಾಗದದ ಕಂಪನಿ, ಒಂದು ವೆಬ್‌ಸೈಟ್, ಒಂದು ಬಿಟ್‌ಕಾಯಿನ್ ವಿಳಾಸ. ಅಮೆರಿಕದಲ್ಲಿ ಆಸ್ತಿ ಇಲ್ಲ, ಅಲ್ಲಿಗೆ ಹೋಗುವ ಆಸೆಯೂ ಇಲ್ಲ. ಹೆಸರು ಪಟ್ಟಿಗೆ ಬಿದ್ದರೆ ಮರುದಿನ ಹೊಸ ಹೆಸರಿನಲ್ಲಿ ಅಂಗಡಿ ತೆರೆಯಬಹುದು. ಪಟ್ಟಿ ಉದ್ದವಾಗುತ್ತಲೇ ಹೋಗಿದೆ. ಉದ್ದವಾದಷ್ಟೂ ಕೆಲಸ ಆಗುತ್ತಿದೆ ಎಂಬ ಸಮಾಧಾನ ಸಿಗುತ್ತದೆ. ಆದರೆ ಹೆಸರುಗಳ ಎಣಿಕೆಯಿಂದ ಜೀವಗಳ ಲೆಕ್ಕ ತಿಳಿಯುವುದಿಲ್ಲ.

ಹಣದ ದಾರಿ ಇನ್ನೂ ಗಟ್ಟಿಯಾದ ಗುರಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೀನಾದಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ 50,000 ಡಾಲರ್‌ವರೆಗೆ ಮಾತ್ರ ವಿದೇಶಿ ಹಣ ಕೊಳ್ಳಬಹುದು. ಅಮೆರಿಕದಲ್ಲಿ ಮನೆ ಕೊಳ್ಳಬೇಕು, ಮಕ್ಕಳನ್ನು ಓದಿಸಬೇಕು ಎನ್ನುವ ಉಳ್ಳವರಿಗೆ ಅದು ಸಾಲದು. ಇತ್ತ ಅಮೆರಿಕದ ಬೀದಿಗಳಲ್ಲಿ ಕಾರ್ಟೆಲ್‌ಗಳ ಕೈಯಲ್ಲಿ ಡಾಲರ್ ನೋಟುಗಳ ರಾಶಿ ಇದೆ, ಅದನ್ನು ಮೆಕ್ಸಿಕೋಗೆ ದಾಟಿಸುವುದು ಕಷ್ಟ. ನಡುವೆ ನಿಂತ ದಲ್ಲಾಳಿ ಅಮೆರಿಕದಲ್ಲಿ ಕಾರ್ಟೆಲ್‌ನ ಡಾಲರ್ ತೆಗೆದುಕೊಂಡು ಉಳ್ಳವರಿಗೆ ಕೊಡುತ್ತಾನೆ. ಅವರು ಚೀನಾದ ಖಾತೆಯಲ್ಲಿ ಅಷ್ಟೇ ಮೊತ್ತದ ಯುವಾನ್ ಕಟ್ಟುತ್ತಾರೆ. ಆ ಯುವಾನ್ ಸರಕಾಗಿಯೋ ರಾಸಾಯನಿಕವಾಗಿಯೋ ಮೆಕ್ಸಿಕೋ ತಲುಪಿ ಪೆಸೋ ಆಗುತ್ತದೆ. ಹಣ ಗಡಿ ದಾಟಲೇ ಇಲ್ಲ, ಆದರೂ ಎಲ್ಲರಿಗೂ ತಲುಪಿತು. ನಮ್ಮ ಹವಾಲಾ ಇದ್ದ ಹಾಗೆ. ಇಲ್ಲಿ ಮುಟ್ಟುಗೋಲು ಹಾಕಲು ಏನಿದೆ?

ಇದರ ನಡುವೆ ರಾಜತಾಂತ್ರಿಕತೆ ಅಡ್ಡ ಬಂತು. ಚೀನಾದ ಸಾರ್ವಜನಿಕ ಭದ್ರತಾ ಸಚಿವಾಲಯದ ವಿಧಿವಿಜ್ಞಾನ ಸಂಸ್ಥೆಯನ್ನು ಅಮೆರಿಕ 2020ರಲ್ಲಿ ಷಿನ್‌ಜಿಯಾಂಗ್‌ನ ಮಾನವ ಹಕ್ಕುಗಳ ವಿಷಯದಲ್ಲಿ ಬೇರೊಂದು ನಿರ್ಬಂಧ ಪಟ್ಟಿಗೆ ಹಾಕಿತ್ತು. ನಮ್ಮ ಸಂಸ್ಥೆಗೇ ನಿರ್ಬಂಧ ಹಾಕಿ ನಮ್ಮಿಂದಲೇ ಸಹಾಯ ಕೇಳಿದರೆ ಹೇಗೆ ಎಂಬುದು ಚೀನಾದ ಪ್ರಶ್ನೆ. 2022ರ ಆಗಸ್ಟ್‌ನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯ ಆಗಿನ ಸ್ಪೀಕರ್ ನ್ಯಾನ್ಸಿ ಪೆಲೋಸಿ ತೈವಾನ್‌ಗೆ ಹೋಗಿಬಂದ ಮೇಲೆ ಚೀನಾ ಮಾದಕ ವಸ್ತು ಸಹಕಾರವನ್ನೇ ನಿಲ್ಲಿಸಿತು. ಆ ವರ್ಷ ಅಮೆರಿಕದಲ್ಲಿ ಕೃತಕ ಒಪಿಯಾಯ್ಡ್‌ನಿಂದ ಸತ್ತವರು 70,000ಕ್ಕೂ ಜಾಸ್ತಿ. ತೈವಾನ್ ಜಗಳಕ್ಕೂ ಆ ಮನೆಗಳಿಗೂ ಯಾವ ಸಂಬಂಧವೂ ಇರಲಿಲ್ಲ. 2023ರ ನವೆಂಬರ್‌ನಲ್ಲಿ ಬೈಡನ್ ಮತ್ತು ಷಿ ಜಿನ್‌ಪಿಂಗ್ ಕ್ಯಾಲಿಫೋರ್ನಿಯಾದಲ್ಲಿ ಭೇಟಿಯಾದರು. ಸಂಸ್ಥೆಯ ಹೆಸರು ಪಟ್ಟಿಯಿಂದ ಹೊರಬಂತು, ಮಾತುಕತೆ ಮತ್ತೆ ಶುರುವಾಯಿತು. 2024ರ ಸೆಪ್ಟೆಂಬರ್‌ನಿಂದ ಚೀನಾ ಇನ್ನೂ ಮೂರು ರಾಸಾಯನಿಕಗಳನ್ನು ನಿಯಂತ್ರಣಕ್ಕೆ ತಂದಿತು.

2024ರಲ್ಲಿ ಅಮೆರಿಕದಲ್ಲಿ ಅತಿಸೇವನೆಯ ಸಾವು ಸುಮಾರು 80,000ಕ್ಕೆ ಇಳಿಯಿತು. ದೊಡ್ಡ ಇಳಿಕೆಯೇ. ಉಸಿರು ಮರಳಿಸುವ ನಲಾಕ್ಸೋನ್ ಔಷಧಿ 2023ರಿಂದ ಚೀಟಿಯಿಲ್ಲದೆ ಸಿಗತೊಡಗಿದ್ದು, ಚಿಕಿತ್ಸೆ, ಪೂರೈಕೆಯಲ್ಲಾದ ಬದಲಾವಣೆ, ಹೀಗೆ ಹಲವು ಕಾರಣಗಳನ್ನು ತಜ್ಞರು ಮುಂದಿಡುತ್ತಾರೆ. ದಿಗ್ಬಂಧನದಿಂದಲೇ ಇಳಿಯಿತು ಎಂದು ಹೇಳಲು ಆಧಾರ ಸಾಲದು.

2025 ಬಂದಾಗ ಎಲ್ಲವೂ ಒಟ್ಟಿಗೇ ಆಯಿತು. ಅಧ್ಯಕ್ಷ ಟ್ರಂಪ್ ಅದೇ 1977ರ ಕಾಯ್ದೆ ಹಿಡಿದು, ಫೆಂಟನಿಲ್ ಕಾರಣ ಕೊಟ್ಟು, ಚೀನಾ, ಮೆಕ್ಸಿಕೋ, ಕೆನಡಾಗಳ ಸರಕಿನ ಮೇಲೆ ಸುಂಕ ಹಾಕಿದರು. ಕೆಲವು ವ್ಯಕ್ತಿಗಳ ಮೇಲಿದ್ದ ಹತಾರ ಇಡೀ ದೇಶಗಳ ಮೇಲೆ ತಿರುಗಿತು. ಈ ಕಾನೂನಿನಲ್ಲಿ ಅಷ್ಟು ಅಧಿಕಾರ ಇಲ್ಲ ಎಂದು ಅದೇ ವರ್ಷ ನ್ಯಾಯಾಲಯಗಳು ಹೇಳಿದವು. ಮೆಕ್ಸಿಕೋದ ಕಾರ್ಟೆಲ್‌ಗಳನ್ನು ಭಯೋತ್ಪಾದಕ ಸಂಘಟನೆಗಳ ಪಟ್ಟಿಗೂ ಸೇರಿಸಿದರು. ಸೆಪ್ಟೆಂಬರ್‌ನಲ್ಲಿ ಫೆಂಟನಿಲ್ ಬೆರೆಸಿದ ನಕಲಿ ಮಾತ್ರೆಗಳ ಪ್ರಕರಣದಲ್ಲಿ ಇಬ್ಬರು ಭಾರತೀಯರ ಹೆಸರು ಒಫ್ಯಾಕ್ ಪಟ್ಟಿಗೆ ಬಂತು.

ಈ ಗದ್ದಲದಲ್ಲಿ ಜಾಸ್ತಿ ಚರ್ಚೆಯಾಗದ ಒಂದು ಕ್ರಮ ನನಗೆ ಮುಖ್ಯವಾಗಿ ಕಾಣುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದ ಹೊಸ ಕಾನೂನಿನ ಬಲದಿಂದ 2025ರ ಜೂನ್‌ನಲ್ಲಿ ಅಮೆರಿಕ ಮೆಕ್ಸಿಕೋದ ಮೂರು ಹಣಕಾಸು ಸಂಸ್ಥೆಗಳ ಜೊತೆ ಹಣ ವರ್ಗಾವಣೆ ನಿಷೇಧಿಸುವ ಆದೇಶ ಹೊರಡಿಸಿತು. ಸಂಸ್ಥೆಗಳು ಆರೋಪ ಒಪ್ಪಲಿಲ್ಲ. ಸಾಕ್ಷ್ಯ ಎಲ್ಲಿ ಎಂದು ಮೆಕ್ಸಿಕೋದ ಅಧ್ಯಕ್ಷೆ ಶೈನ್‌ಬಾಮ್ ಕೇಳಿದರು. ಅದು ಕೇಳಲೇಬೇಕಾದ ಪ್ರಶ್ನೆ, ಯಾಕೆಂದರೆ ಇಲ್ಲಿ ತೀರ್ಪಿಗಿಂತ ಮೊದಲೇ ಶಿಕ್ಷೆ ಜಾರಿಯಾಗುತ್ತದೆ. ಆದೇಶ ಜಾರಿಗೆ ಬರುವ ಮೊದಲೇ ಗ್ರಾಹಕರು ಹಣ ತೆಗೆದರು, ಮೆಕ್ಸಿಕೋ ಸರ್ಕಾರ ಆಡಳಿತ ವಹಿಸಿಕೊಂಡಿತು, ವ್ಯವಹಾರಗಳು ಬೇರೆಯವರ ಕೈ ಸೇರಿದವು. ಕಾಗದದ ಕಂಪನಿಗಳ ಹೆಸರು ಬರೆದಾಗ ಆಗದ ನಡುಕ ಕೆಲವೇ ವಾರಗಳಲ್ಲಿ ಆ ದೇಶದ ಬ್ಯಾಂಕುಗಳಲ್ಲೆಲ್ಲ ಕಾಣಿಸಿತು.

ಅಕ್ಟೋಬರ್ ಕೊನೆಗೆ ಟ್ರಂಪ್ ಮತ್ತು ಷಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಕೂತು ಮಾತಾಡಿದರು. ಚೀನಾ ಮೇಲಿನ ಫೆಂಟನಿಲ್ ಸುಂಕ ಶೇ 20ರಿಂದ ಶೇ 10ಕ್ಕೆ ಇಳಿಯಿತು. ನವೆಂಬರ್‌ನಲ್ಲಿ ಚೀನಾ ಅಮೆರಿಕ, ಮೆಕ್ಸಿಕೋ, ಕೆನಡಾಗಳಿಗೆ ಹೋಗುವ ಕೆಲವು ರಾಸಾಯನಿಕಗಳಿಗೆ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಇನ್ನು ಮುಂದೆ ಚೀನಾದ ಬಂದರುಗಳಲ್ಲಿ ಡ್ರಮ್ಮಿನ ಮೇಲಿನ ಚೀಟಿಗೂ ಒಳಗಿನ ಪುಡಿಗೂ ತಾಳೆ ನೋಡುವ ಸುಂಕದ ಅಧಿಕಾರಿಯ ಕೆಲಸ ಹೆಚ್ಚಲಿದೆ. ನಿಯಂತ್ರಣದ ಪಟ್ಟಿಯಲ್ಲಿಲ್ಲದ ಪುಡಿಗಳು ಆ ಬಂದರುಗಳಿಂದಲೇ ಪ್ರತಿದಿನ ಹಡಗು ಹತ್ತುತ್ತವೆ.