ಟಕ್ ಟಕ್ ಅನ್ನುವ ಡಿಸ್ಕಿಗೆ ಮನೆಮದ್ದು ಎಷ್ಟು?

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕೇಬಲ್ ಸಿಕ್ಕಿಸಿದ ಕೂಡಲೇ ಪುಟ್ಟ ದೀಪ ಹತ್ತುತ್ತದೆ, ಒಳಗೆ ಮೋಟಾರು ತಿರುಗತೊಡಗುತ್ತದೆ, ಆಮೇಲೆ ಟಕ್, ಟಕ್, ಟಕ್. ಕಂಪ್ಯೂಟರಿನಲ್ಲಿ ಮಾತ್ರ ಡ್ರೈವ್ ಕಾಣಿಸುವುದಿಲ್ಲ. ಮದುವೆ ಫೋಟೋಗಳೆಲ್ಲ ಅದರಲ್ಲೇ ಇದ್ದರಂತೂ ಕೈ ಸೀದಾ ಸ್ಕ್ರೂಡ್ರೈವರಿಗೆ ಹೋಗುತ್ತದೆ. ಅದನ್ನು ಅಲ್ಲೇ ಬಿಟ್ಟು ಮೊದಲು ಕೇಬಲ್ ಬದಲಿಸಿ.

ಆ ಟಕ್ ಸದ್ದು ಬರುವುದು ಹೀಗೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳ ಮೇಲೆ, ಓದುವ ಹೆಡ್‌ಗೆ ದಾರಿ ತೋರಿಸಲೆಂದು ಕಾರ್ಖಾನೆಯಲ್ಲೇ ಬರೆದಿಟ್ಟ ಸರ್ವೋ ಗುರುತುಗಳಿರುತ್ತವೆ. ಅವು ಸಿಗದಿದ್ದಾಗ ಹೆಡ್ ಹೊತ್ತ ತೋಳು ತನ್ನ ತಂಗುದಾಣಕ್ಕೆ ವಾಪಸ್ ಹೋಗಿ ಮತ್ತೆ ಹೊರಡುತ್ತದೆ. ಪ್ರತಿ ಸಲವೂ ಒಂದು ಟಕ್. ಹೆಡ್ ಸತ್ತಿದ್ದರೂ ಹೀಗಾಗುತ್ತದೆ, ಕರೆಂಟ್ ಸಾಲದಿದ್ದರೂ ಹೀಗಾಗಬಹುದು. ಮೋಟಾರು ನಿಂತಲ್ಲಿಂದ ಏಳುವಾಗ ಒಂದು ಆಂಪಿಯರ್ ಆಸುಪಾಸಿನಷ್ಟು ಕರೆಂಟ್ ಎಳೆಯುತ್ತದೆ. ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ಉದ್ದದ, ತೆಳ್ಳನೆಯ ಕೇಬಲ್ಲಿನಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಹಾಗಾಗಿ ಗಿಡ್ಡ ಕೇಬಲ್ ಹಾಕಿ, ಹಬ್ ತೆಗೆದು, ಡೆಸ್ಕ್‌ಟಾಪಿನ ಹಿಂಬದಿಯ ಪೋರ್ಟಿಗೆ ಕೊಟ್ಟು ನೋಡುವುದು ಮೊದಲ ಚಿಕಿತ್ಸೆ.

ಅದಕ್ಕೂ ಬಗ್ಗದಿದ್ದರೆ ಹೊರಗಿನ ಪ್ಲಾಸ್ಟಿಕ್ ಡಬ್ಬಿಯನ್ನು ಬಿಚ್ಚಬಹುದು. ಎಷ್ಟೋ ಮಾದರಿಗಳಲ್ಲಿ ಒಳಗೆ ಲ್ಯಾಪ್‌ಟಾಪಿನಂಥದ್ದೇ ಸಾಟಾ ಎಂಬ ಒಳಜೋಡಣೆಯ ಡಿಸ್ಕ್ ಇದ್ದು, ನಡುವೆ ಯುಎಸ್‌ಬಿಗೆ ಸೇತುವೆಯಾದ ಒಂದು ಚಿಕ್ಕ ಬೋರ್ಡು ಇರುತ್ತದೆ. ಕೆಟ್ಟಿರುವುದು ಆ ಬೋರ್ಡೇ ಆಗಿದ್ದರೆ, ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸಿಗುವ ಸಾಟಾ–ಯುಎಸ್‌ಬಿ ಅಡಾಪ್ಟರ್ ಸಾಕು, ಡಿಸ್ಕ್ ಎದ್ದು ಕೂರುತ್ತದೆ. ಎಲ್ಲ ಡಿಸ್ಕುಗಳಿಗೂ ಇದು ನಡೆಯುವುದಿಲ್ಲ. ವೆಸ್ಟರ್ನ್ ಡಿಜಿಟಲ್‌ನ ಹಲವು ಪೋರ್ಟಬಲ್ ಮಾದರಿಗಳಲ್ಲಿ ಯುಎಸ್‌ಬಿ ಕನೆಕ್ಟರು ಡಿಸ್ಕಿನ ಸ್ವಂತ ಬೋರ್ಡಿಗೇ ಬೆಸೆದಿರುತ್ತದೆ. ಕೆಲವದರಲ್ಲಿ ನೀವು ಪಾಸ್‌ವರ್ಡ್ ಇಡದಿದ್ದರೂ ದತ್ತಾಂಶ ಎನ್‌ಕ್ರಿಪ್ಟ್ ಆಗಿಯೇ ತಟ್ಟೆಗಿಳಿಯುತ್ತದೆ, ಬೋರ್ಡು ಬದಲಿಸಿದರೆ ಸಿಗುವುದು ಬರೀ ಕಲಸುಮೇಲೋಗರ. ಡಿಸ್ಕಿನ ಹಸಿರು ಬೋರ್ಡನ್ನೇ ಅಂಥದ್ದೇ ಇನ್ನೊಂದು ಡಿಸ್ಕಿನಿಂದ ಕಿತ್ತು ಹಾಕುವ ಉಪಾಯವೂ ಈಗ ಸಾಮಾನ್ಯವಾಗಿ ಫಲಿಸುವುದಿಲ್ಲ. ಪ್ರತಿ ಡಿಸ್ಕಿನ ಹೆಡ್‌ಗಳಿಗೆ ಹೊಂದಿಸಿದ ಅಳತೆಗಳು ಅದರದೇ ಬೋರ್ಡಿನ ಚಿಪ್ಪಿನಲ್ಲಿರುತ್ತವೆ.

ಲೋಹದ ಮುಚ್ಚಳವನ್ನು ಮಾತ್ರ ಮುಟ್ಟಕೂಡದು. ಎರಡೂವರೆ ಇಂಚಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ ಸುಮಾರು 65 ಕಿಲೋಮೀಟರ್. ಆ ವೇಗಕ್ಕೆ ಏಳುವ ಗಾಳಿಯ ಪದರದ ಮೇಲೆ, ತಟ್ಟೆಗಿಂತ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹೆಡ್ ತೇಲುತ್ತದೆ. ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಇರುವಾಗ, ಊಟದ ಮೇಜಿನ ಮೇಲೆ ತೆರೆದಿಟ್ಟ ಡಿಸ್ಕಿನೊಳಗೆ ಬೀಳುವ ಧೂಳಿನ ಕಣ ಹೆಡ್‌ಗೆ ಹೆದ್ದಾರಿ ನಡುವಿನ ಬಂಡೆ. ಫ್ರೀಜರಿನಲ್ಲಿಟ್ಟು ತೆಗೆಯುವ ಪ್ರಸಿದ್ಧ ಚಿಕಿತ್ಸೆಯೂ ಬೇಡ. ಮುಚ್ಚಳದಲ್ಲಿ ಗಾಳಿಯ ಒತ್ತಡ ಸಮನಾಗಲೆಂದು ಒಂದು ಕಿರುರಂಧ್ರ ಇರುತ್ತದೆ. ತೇವ ಅಲ್ಲಿಂದಲೂ ಒಳಹೊಕ್ಕು ತಣ್ಣನೆಯ ತಟ್ಟೆಯ ಮೇಲೆ ಹನಿಗಟ್ಟಬಹುದು.

ಡಿಸ್ಕ್ ಕಾಣಿಸುತ್ತಿದೆ, ಆದರೆ ಫೈಲು ತೆರೆಯಲು ಯುಗ ಹಿಡಿಯುತ್ತದೆ ಎಂದಾದರೆ ಪರಿಸ್ಥಿತಿ ಎಷ್ಟೋ ವಾಸಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ದಾಖಲೆ ನೋಡಿ. 5ನೇ ಸಂಖ್ಯೆಯ ಸಾಲು ಈಗಾಗಲೇ ಕೈಬಿಟ್ಟು ಬದಲಿ ಜಾಗ ಕೊಟ್ಟ ಸೆಕ್ಟರುಗಳ (ದತ್ತಾಂಶ ಬರೆಯುವ ಪುಟ್ಟ ತುಂಡುಗಳ) ಲೆಕ್ಕ, 197ನೆಯದು (ಈ ತಂತ್ರಾಂಶದಲ್ಲಿ C5 ಎಂದು ಕಾಣುವುದು) ಓದಲಾಗದೆ ತೀರ್ಮಾನಕ್ಕೆ ಕಾದಿರುವವುಗಳದ್ದು. ಅಲ್ಲಿ ಸೊನ್ನೆಯಿದ್ದರೆ ಹಿಗ್ಗಬೇಡಿ. ಗೂಗಲ್‌ನವರು 2007ರಲ್ಲಿ ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿದಾಗ, ಕೆಟ್ಟವುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಡಿಸ್ಕುಗಳಲ್ಲಿ ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದೂ ಕಂಡಿರಲಿಲ್ಲ.

ಆ ಸಾಲುಗಳ ಸಂಖ್ಯೆ ಏರಿದ್ದರೆ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸುವುದು ಕೆಟ್ಟ ಯೋಚನೆ. ಅದು ಫೈಲ್ ವ್ಯವಸ್ಥೆಯನ್ನು ಸರಿಪಡಿಸಲು ಹೊರಟು, ಸಾಯುತ್ತಿರುವ ಡಿಸ್ಕಿನ ಮೇಲೆಯೇ ತಿದ್ದಿ ಬರೆಯುತ್ತದೆ. ಮಾಡಬೇಕಾದದ್ದು ಇಡೀ ಡಿಸ್ಕಿನ ನಕಲು, ಅದೂ ಬೇರೊಂದು ಒಳ್ಳೆಯ ಡಿಸ್ಕಿಗೆ. ಲಿನಕ್ಸಿನಲ್ಲಿ ಓಡುವ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಈ ಕೆಲಸದಲ್ಲಿ ಬಲು ಜಾಣ. ಮಾಮೂಲಿ ಕಾಪಿ–ಪೇಸ್ಟ್ ಮೊದಲ ಕೆಟ್ಟ ಸೆಕ್ಟರಿನಲ್ಲೇ ಸಿಕ್ಕಿಬಿದ್ದು ಹೆಡ್ಡನ್ನು ಗೋಳುಹೊಯ್ದುಕೊಳ್ಳುತ್ತದೆ. ಇದು ಹಟ ಹಿಡಿಯದೆ ಮುಂದೆ ಹಾರಿ, ಸುಲಭವಾಗಿ ಓದಿಸಿಕೊಳ್ಳುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಎಂಬ ನಕ್ಷೆಯನ್ನು ಕಡತದಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಫೈಲುಗಳನ್ನು ಹೆಕ್ಕುವ ಸಾಹಸವೆಲ್ಲ ಆಮೇಲೆ, ನಕಲಿನ ಮೇಲೆ. ಗರಗರ ಸದ್ದು ಶುರುವಾದರೆ ಮಾತ್ರ ತಕ್ಷಣ ನಿಲ್ಲಿಸಿ, ಧೂಳಿಲ್ಲದ ಕ್ಲೀನ್ ರೂಮ್ ಇರುವ ಡೇಟಾ ರಿಕವರಿಯವರಿಗೆ ಕೊಡಿ. ಹೆಡ್ ತಟ್ಟೆಯನ್ನು ಕೆರೆದಷ್ಟೂ ಅವರಿಗೂ ಉಳಿಯುವುದು ಕಡಿಮೆ.

ನಕಲು ಮುಗಿದ ಮೇಲೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಅದು ಚೆನ್ನಾಗಿಯೇ ನಡೆಯುವಂತೆ ಕಾಣಬಹುದು. ಪೂರ್ತಿ ಡಿಸ್ಕಿನ ಮೇಲೆ ಹೊಸದಾಗಿ ಬರೆದಾಗ ಕಾದಿದ್ದ ಸೆಕ್ಟರುಗಳು ಇತ್ಯರ್ಥವಾಗಿ 197ನೇ ಸಾಲು ಸೊನ್ನೆಗಿಳಿಯುತ್ತದೆ. ಆದರೆ ಅದೇ ಗೂಗಲ್ ಅಧ್ಯಯನದ ಪ್ರಕಾರ, ಮೊದಲ ಸಲ ಬದಲಿ ಜಾಗ ಕೊಟ್ಟ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ಉಳಿದವುಗಳಿಗಿಂತ 14 ಪಟ್ಟು ಹೆಚ್ಚು. ಅಂಥ ಡಿಸ್ಕನ್ನು ಸಿನಿಮಾ ಒಯ್ಯಲು ಬೇಕಾದರೆ ಬಳಸಿ, ಫೋಟೋ ಇಡಲು ಬೇಡ.